ಕೊರಳಿನ ಪಟ್ಟಿ

ಚಳಿ ಬಿಟ್ಟು ಬಿಸಿಲಿನ್ನೂ ಬಲಿಯದ ಕಾಲ, ಬೆಳಗಿನ ಆರೂವರೆ ಇದ್ದೀತು, ಆಗ ಶುರುವಾಯಿತು ಇದು. ಮೈದಾನದ ಮಣ್ಣಿನಲ್ಲಿ ರಾತ್ರಿಯ ತಂಪು ಇನ್ನೂ ಆರಿರಲಿಲ್ಲ. ಸೇನೆಗೆ ಹೊಸದಾಗಿ ಸೇರಿದ ಹುಡುಗಿಯರು ಎರಡು ಸಾಲು ಕಟ್ಟಿ ನಿಂತಿದ್ದರು. ಕೂದಲನ್ನೆಲ್ಲ ಮೇಲೆತ್ತಿ ಬಲೆಯೊಳಗೆ ತುರುಕಿದ್ದರಿಂದ ಕತ್ತುಗಳು ಬೋಳುಬೋಳಾಗಿ, ಯಾರೋ ನೋಡಿ ಆರಿಸಿಕೊಳ್ಳಲೆಂದು ಜೋಡಿಸಿಟ್ಟಂತೆ ಕಾಣುತ್ತಿದ್ದವು. ತಪಾಸಣೆಯ ದಿನ. ಸುಬೇದಾರರು ಸಾಲಿನ ಹಿಂದಿನಿಂದ ಬರುತ್ತ, ಕಿವಿ ನೋಡಿ, ಬೂಟಿನ ಹಿಮ್ಮಡಿ ನೋಡಿ, ಎರಡನೆಯ ಸಾಲಿನ ಕೊನೆಯ ಹುಡುಗಿಯ ಹಿಂದೆ ಬಂದವರು ಅಲ್ಲೇ ನಿಂತುಬಿಟ್ಟರು. ಅವರ ಹಿಂದೆ ಒಂದು ಹೆಜ್ಜೆ ಬಿಟ್ಟು ಬರುತ್ತಿದ್ದ ಹವಾಲ್ದಾರಳೂ ನಿಂತಳು. ಈ ಹುಡುಗಿಯರನ್ನು ತಿದ್ದಿ ತೀಡಿ ಸಿಪಾಯಿಗಳನ್ನಾಗಿ ಮಾಡುವ ಕೆಲಸ ಅವಳದು. ಅವರು ಯಾಕೆ ನಿಂತರು ಅಂತ ಅವಳಿಗೆ ನೋಡುವ ಮೊದಲೇ ಗೊತ್ತಾಯಿತು. ಆ ಹುಡುಗಿ ಬಂದಾಗಿನಿಂದ ಆ ಕತ್ತಿನ ಮೇಲೆ ತನ್ನ ಕಣ್ಣು ಬೀಳದ ಹಾಗೆ ಅವಳು ಕಾಯ್ದುಕೊಂಡು ಬಂದಿದ್ದಳು.

"ಇದೇನಮ್ಮ ಇದು, ಕತ್ತೋ ಬಾಣಲಿ ತಳವೋ?" ಅಂದರು ಸುಬೇದಾರರು. ಸಾಲಿನಲ್ಲಿ ಕಿಸಕ್ಕೆಂದು ಒಂದು ನಗು ಓಡಿ ಸತ್ತುಹೋಯಿತು. "ಸ್ನಾನ ಮಾಡ್ತೀಯೋ ಇಲ್ವೋ?"

"ದಿನಾ ಮಾಡ್ತೀನಿ ಸರ್."

"ಕತ್ತು ಬಿಟ್ಟು ಮಾಡ್ತೀಯೇನೋ." ಅವರು ಜೇಬಿನಿಂದ ಮಡಿಸಿದ ಬಿಳಿ ಕರವಸ್ತ್ರ ತೆಗೆದು ಹವಾಲ್ದಾರಳ ಕಡೆ ಚಾಚಿದರು. ಹೆಣ್ಣುಮಕ್ಕಳನ್ನು ಮುಟ್ಟಿ ನೋಡುವ ಜಾತಿಯವರಲ್ಲ ಅವರು. ಮನೆಯಲ್ಲಿ ಇಬ್ಬರು ಮಕ್ಕಳಿದ್ದರು, ಇಬ್ಬರೂ ಹೆಣ್ಣೇ. "ಒರೆಸಿ ನೋಡಿ ಹವಾಲ್ದಾರ್. ನೀರು ಸೋಕಿದ ಕತ್ತಾದರೆ ಗೊತ್ತಾಗತ್ತೆ."

ಅವಳು ಕರವಸ್ತ್ರ ತೆಗೆದುಕೊಂಡಳು. ಹುಡುಗಿಯ ಕತ್ತಿನ ಹಿಂಭಾಗಕ್ಕೆ ಇಟ್ಟು ಒತ್ತಿ ಎಳೆದಳು. ಬಟ್ಟೆಯ ಅಡಿಯಲ್ಲಿ ಚರ್ಮ ದಪ್ಪಗೆ, ಮಖಮಲ್ಲಿನ ಹಾಗೆ, ಸಣ್ಣ ಸಣ್ಣ ಮಡಿಕೆಯಾಗಿ ಸಿಕ್ಕಿತು. ಅದರ ಗುರುತು ಅವಳ ಬೆರಳಿಗೆ ಕಣ್ಣಿಗಿಂತ ಚೆನ್ನಾಗಿತ್ತು. ಕತ್ತಲೆಯಲ್ಲಿ ನಮ್ಮ ಮನೆಯ ಬಾಗಿಲ ಚಿಲಕ ಕೈಗೆ ಸಿಗುತ್ತದಲ್ಲ, ಹಾಗೆ. ಇನ್ನೊಮ್ಮೆ ಎಳೆದಳು. ಬಟ್ಟೆ ತಿರುಗಿಸಿ ನೋಡಿದಳು. ಬಿಳೀ. ಒಂದು ಚುಕ್ಕಿ ಕೂಡ ಇಲ್ಲ, ಬೆವರಿನ ಸಣ್ಣ ತೇವ ಬಿಟ್ಟರೆ.

"ಬಂತಾ?" ಸುಬೇದಾರರು ಆಗಲೇ ಮುಂದಿನ ಹುಡುಗಿಯ ಬೂಟು ನೋಡುತ್ತ ಕೇಳಿದರು.

ಅವರು ಈ ಕಡೆ ನೋಡಿದ್ದರೆ ಅವಳು ಏನನ್ನುತ್ತಿದ್ದಳೋ. ಅವರು ನೋಡಲಿಲ್ಲ. ಬಟ್ಟೆ ಅವಳ ಮುಷ್ಟಿಯೊಳಗಿತ್ತು. ಬರಲಿಲ್ಲ ಅಂದರೆ, ಯಾಕೆ ಬರಲಿಲ್ಲ ಅನ್ನುತ್ತಾರೆ. ಕೊಳೆ ಅಲ್ಲ ಅಂದರೆ, ಮತ್ತೇನು ಅನ್ನುತ್ತಾರೆ. ಮತ್ತೇನು ಅಂತ ಹೇಳಿದರೆ, ನಿಮಗೆ ಹೇಗೆ ಗೊತ್ತು ಅನ್ನುತ್ತಾರೆ. ಇಷ್ಟೂ ಮಾತು ಒಂದು ಉಸಿರಿನೊಳಗೆ ಹೋಗಿ ಬಂತು.

"ಬಂತು ಸರ್," ಅಂದಳು. ಕರವಸ್ತ್ರವನ್ನು ಸಣ್ಣಗೆ ಮಡಿಸಿ ತನ್ನ ಜೇಬಿಗೆ ಹಾಕಿಕೊಂಡಳು. "ಒಗೆದು ಕೊಡ್ತೀನಿ."

"ಕೇಳಿದ್ಯೇನಮ್ಮ? ಮುಂದಿನ ತಪಾಸಣೆ ಹೊತ್ತಿಗೆ ಈ ಕತ್ತು ಆ ಕರವಸ್ತ್ರದ ಹಾಗಿರಬೇಕು."

"ಸರ್," ಅಂದಳು ಹುಡುಗಿ. ಅವಳ ಕತ್ತು ಒಂದು ಸಲ ಅಲುಗಿ, ತಿರುಗಬೇಕೆಂದುಕೊಂಡದ್ದು ತಿರುಗದೆ ನಿಂತಿತು.

ಆ ಹುಡುಗಿಯನ್ನು ಬ್ಯಾರಕ್ಕಿನಲ್ಲಿ ಗುಂಡು ಅನ್ನುತ್ತಿದ್ದರು. ಗುಂಡಗಿದ್ದಳು ಅಂತ ಮೊದಲು ಕರೆದದ್ದು. ಗುರಿ ಹೊಡೆಯುವುದಕ್ಕೆ ಕರೆದುಕೊಂಡು ಹೋದ ದಿನ ಅವಳ ಏಟು ಒಂದೂ ತಪ್ಪದ್ದು ನೋಡಿ ಅದೇ ಹೆಸರು ಹೊಗಳಿಕೆಯೂ ಆಯಿತು. ಹವಾಲ್ದಾರಳಿಗೂ ಒಂದು ಹೆಸರಿತ್ತು, ಇಸ್ತ್ರಿ. ಕೆಂಡದಂಥ ಮಧ್ಯಾಹ್ನದಲ್ಲೂ ಮೇಲಿನ ಗುಂಡಿ ಬಿಚ್ಚದವಳು, ಅಂಗಿಯಲ್ಲಿ ಒಂದು ಸುಕ್ಕು ಇಲ್ಲದವಳು, ಕೊರಳಿನ ಪಟ್ಟಿ ಅರ್ಧ ಬೆರಳು ಆಚೀಚೆ ಆಗದವಳು. ತರಬೇತಿ ಕೊಡುವವರು ಮಾತ್ರ ಕೊರಳಿಗೆ ಬಿಗಿಯಾಗಿ ಸುತ್ತಿಕೊಳ್ಳುವ ಕೆಂಪು ಬಟ್ಟೆಗೆ ಅಲ್ಲಿ ಪಟ್ಟಿ ಅನ್ನುತ್ತಾರೆ. ಪಟ್ಟಿ ಬಂತು ಅಂದರೆ ಮೇಲೆ ಬಂದಳು ಅಂತ ಅರ್ಥ. ಸೇರಿದ ಮೊದಲ ವರ್ಷದಿಂದ ಅವಳು ಪಟ್ಟಿಗಾಗಿ ಹಟ ಹಿಡಿದು ದುಡಿದದ್ದನ್ನು ನೋಡಿ, ಈ ಹುಡುಗಿಗೆ ಏನು ಆಸೆಯಪ್ಪಾ, ಜನರಲ್ ಆಗ್ತಾಳೆ ನೋಡು ಅಂತ ಜೊತೆಯವರು ಹೇಳುತ್ತಿದ್ದರು. ಅವಳಿಗೆ ಬೇಕಾಗಿದ್ದದ್ದು ಕೊರಳು ಮುಚ್ಚುವ ಒಂದು ಗೇಣು ಬಟ್ಟೆ, ಮುಚ್ಚಿದ್ದಕ್ಕೆ ಯಾರೂ ಕಾರಣ ಕೇಳದಂಥ ಬಟ್ಟೆ.

ಇಸ್ತ್ರಿ ಅನ್ನುವ ಹೆಸರನ್ನು ಅವಳು ಮೊದಲು ಕೇಳಿದ್ದು ಕಕ್ಕಸಿನ ಒಳಗೆ ಕೂತು. ಹೊರಗೆ ಇಬ್ಬರು ಹಲ್ಲುಜ್ಜುತ್ತ ಮಾತಾಡುತ್ತಿದ್ದರು. "ಇಸ್ತ್ರಿ ಅಂದ್ರೆ ಬಟ್ಟೆಗೆ ಹಾಕೋ ಇಸ್ತ್ರೀನೋ, ಹೆಂಗಸು ಇಸ್ತ್ರೀನೋ?" ಅಂತ ಒಬ್ಬಳು. "ಹೆಂಗಸಾ? ಅದ್ಯಾವಾಗ ಆದ್ರು?" ಅಂತ ಇನ್ನೊಬ್ಬಳು, ಬಾಯಿ ತುಂಬ ನೊರೆ ಇಟ್ಟುಕೊಂಡು ನಕ್ಕದ್ದರಿಂದ ಆಮೇಲೆ ಕೆಮ್ಮು. ಅವಳು ಒಳಗೇ ಕೂತಿದ್ದಳು. ಅವರು ಹೋದ ಎಷ್ಟೋ ಹೊತ್ತಿನ ಮೇಲೆ ಎದ್ದುಬಂದು ಕನ್ನಡಿಯಲ್ಲಿ ಗದ್ದ ನೋಡಿಕೊಂಡಳು. ಎಲ್ಲರಿಗಿಂತ ಮೊದಲೇ ಎದ್ದು ಚಿಮಟ ಹಿಡಿದು ಒಂದೊಂದೇ ಕೂದಲು ಕಿತ್ತ ಗದ್ದ. ಅಂದೇ ಸಂಜೆ ಊಟದ ಕೋಣೆಯಲ್ಲಿ ತಾನೇ ಎದ್ದು, "ಇವತ್ತಿಂದ ನನಗೆ ಇಸ್ತ್ರಿ ಅಂತಾನೇ ಅನ್ನಿ, ಬೆನ್ನ ಹಿಂದೆ ಯಾಕೆ, ಮುಂದೇನೇ ಅನ್ನಿ" ಅಂತ ನಕ್ಕಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಎಂಥಾ ದೊಡ್ಡ ಮನಸ್ಸು ಮೇಡಂದು ಅಂದರು. ನಗುವಾಗ ಕೆನ್ನೆ ಮೇಲೇರಿ ಗದ್ದ ಬಿಗಿಯಾಗಿ ಕಿತ್ತ ಜಾಗವೆಲ್ಲ ಚುರುಗುಟ್ಟಿದ್ದು ಅವಳಿಗೆ ಈಗಲೂ ನೆನಪಿದೆ.

ಕರವಸ್ತ್ರವನ್ನು ಅವಳು ಅಂದೇ ಒಗೆದಳು. ಕೊಳೆಯೇ ಇಲ್ಲದ ಬಟ್ಟೆಗೆ ಸೋಪು ಹಚ್ಚಿ, ತಿಕ್ಕಿ, ಮತ್ತೆ ಹಚ್ಚಿ, ಬೋಗುಣಿಯ ನೀರು ಬೆಳ್ಳಗೇ ಉಳಿದದ್ದನ್ನು ನೋಡುತ್ತ ನಿಂತಳು. ಹೀಗೆಯೇ ಒಂದು ಬೋಗುಣಿ, ಹೀಗೆಯೇ ನೀರು. ಅವಳಿಗಾಗ ಹದಿನೈದೋ ಹದಿನಾರೋ ವಯಸ್ಸು. ಮಾರನೆಯ ದಿನ ನೆಂಟರ ಮದುವೆ. ಅಮ್ಮ ಅವಳನ್ನು ಬಚ್ಚಲಿನಲ್ಲಿ ಕೂರಿಸಿ, ಹಿಮ್ಮಡಿ ತಿಕ್ಕುವ ಕಲ್ಲಿನಿಂದ ಕತ್ತು ತಿಕ್ಕುತ್ತಿದ್ದಳು. ಬಾಗಿಲಲ್ಲಿ ಚಿಕ್ಕಮ್ಮ ನಿಂತು, "ಅಕ್ಕಾ, ನಿನ್ನ ಮಗಳಿಗೆ ನೀರು ಕಂಡ್ರೆ ಆಗಲ್ವೇನೇ" ಅಂದಳು. "ಬಿಸಿಲು ಕಣೇ, ಬಿಸಿಲಲ್ಲಿ ಅಲೀತಾಳೆ, ಹೇಳಿದ ಮಾತು ಕೇಳಲ್ಲ" ಅಂದಳು ಅಮ್ಮ, ತಿಕ್ಕುವುದನ್ನು ನಿಲ್ಲಿಸದೆ. ಅಮ್ಮನಿಗೆ ಮಗಳ ಮೇಲೆ ಸಿಟ್ಟಿತ್ತೋ ಚಿಕ್ಕಮ್ಮನ ಮೇಲೋ ತಿಳಿಯಲಿಲ್ಲ, ಕಲ್ಲು ಮಾತ್ರ ಕತ್ತಿನ ಮೇಲೇ ಇತ್ತು. ಮದುವೆಯ ಮನೆಯಲ್ಲಿ ಅವಳು ಜಡೆಯನ್ನು ಮುಂದೆ ಹಾಕಿಕೊಳ್ಳದೆ, ಕತ್ತು ಮುಚ್ಚುವ ಹಾಗೆ ಕೂದಲು ಹರಡಿಕೊಂಡು ಕೂತಿದ್ದಕ್ಕೆ, ಇದೊಂದು ಹೊಸ ಶೋಕಿ ಅಂತ ಅಜ್ಜಿಯ ಕೈಲಿ ಬೈಸಿಕೊಂಡದ್ದು ಬೇರೆ. ಕರವಸ್ತ್ರ ಹಿಂಡಿದಳು. ಒಣಗಿದ ಮೇಲೆ ಇಸ್ತ್ರಿ ಹಾಕಿ, ನಾಲ್ಕು ಮೂಲೆ ಕೂಡಿಸಿ ಮಡಿಸಿ, ಸುಬೇದಾರರಿಗೆ ಕೊಟ್ಟಳು. ಅವರು ಅದನ್ನು ಎಲ್ಲರ ಮುಂದೆ ಎತ್ತಿ ಹಿಡಿದು, "ನೋಡಿ, ಇಸ್ತ್ರಿ ಅಂದ್ರೆ ಇಸ್ತ್ರಿ!" ಅಂದರು.

ಎರಡು ದಿನ ಬಿಟ್ಟು ಸಂಜೆ ಬಚ್ಚಲಿನ ಸಾಲಿನ ಕಡೆ ಹೋದಾಗ ಗುಂಡು ಅಲ್ಲಿದ್ದಳು. ಕೂದಲು ಮುಂದಕ್ಕೆಳೆದು ಬಾಯಲ್ಲಿ ಕಚ್ಚಿಕೊಂಡು, ಎರಡೂ ಕೈ ಹಿಂದಕ್ಕೆ ಹಾಕಿ, ನೆಲ ತಿಕ್ಕುವ ಬ್ರಷ್ಷಿನಿಂದ ಕತ್ತು ಉಜ್ಜುತ್ತಿದ್ದಳು. ಆ ಸದ್ದನ್ನು ಹವಾಲ್ದಾರಳು ಬಾಗಿಲಾಚೆಯಿಂದಲೇ ಕೇಳಿದ್ದಳು, ಯಾರೋ ನೆಲ ತೊಳೆಯುತ್ತಿದ್ದಾರೆ ಅಂದುಕೊಂಡೇ ಬಂದಿದ್ದಳು. ಅವಳನ್ನು ಕಂಡು ಹುಡುಗಿ ನೆಟ್ಟಗೆ ನಿಂತಳು. ಬಾಯಿಂದ ಕೂದಲು ಜಾರಿತು.

"ಹೋಗ್ತಿಲ್ಲ ಮೇಡಂ."

ಹೇಳಬಹುದಾಗಿತ್ತು. ಅಲ್ಲಿ ಇಬ್ಬರೇ ಇದ್ದರು, ನಲ್ಲಿ ಒಂದು ತೊಟ್ಟಿಕ್ಕುತ್ತಿತ್ತು. ಊರಿನ ಇನ್ನೊಂದು ತುದಿಯ ಒಂದು ಸಣ್ಣ ಆಸ್ಪತ್ರೆಯಲ್ಲಿ, ರಜೆಯ ದಿನ, ಸೀರೆ ಉಟ್ಟುಕೊಂಡು ಹೋಗಿ, ಸ್ಕೂಲ್ ಟೀಚರ್ ಅಂತ ಸುಳ್ಳು ಹೇಳಿ ಕೂತಿದ್ದಾಗ, ಹೆಂಗಸರ ಡಾಕ್ಟರು ಅವಳ ಕತ್ತಿನ ಮೇಲೆ ಬರಿಗೈ ಇಟ್ಟು ನೋಡಿ ಹೇಳಿದ್ದರು: "ಇದಕ್ಕೆ ಪಿಸಿಓಡಿ ಅಂತಾರಮ್ಮ. ಅಂಡಾಶಯದಲ್ಲಿ ಸಣ್ಣ ಸಣ್ಣ ಗುಳ್ಳೆ. ತಿಂಗಳು ತಪ್ಪೋದು, ಗದ್ದದ ಕೂದಲು, ತಿನ್ನದೇ ಇದ್ರೂ ಏರೋ ತೂಕ, ಈ ಕತ್ತಿನ ಕಪ್ಪು, ಎಲ್ಲ ಒಂದೇ ಬೇರಿಂದ ಬಂದಿರೋದು. ಎಷ್ಟೋ ಜನಕ್ಕಿದೆ. ಇದು ಕೊಳೆ ಅಲ್ಲ. ಉಜ್ಜಬೇಡಿ." ಕೊನೆಯ ಮಾತು ಕೇಳಿ ಅವಳು ಡಾಕ್ಟರ ಮುಂದೆ ಅತ್ತುಬಿಟ್ಟಿದ್ದಳು. ಕಾಯಿಲೆಗೆ ಅತ್ತದ್ದಲ್ಲ. ಇಷ್ಟು ವರ್ಷದಲ್ಲಿ ಉಜ್ಜಬೇಡ ಅಂತ ಒಬ್ಬರೂ ಹೇಳಿರಲಿಲ್ಲ. ಆ ಒಂದು ಮಾತು ಅವಳ ನಾಲಿಗೆಯ ತುದಿಗೆ ಬಂದು ಕೂತಿತ್ತು, ಬಿಟ್ಟರೆ ಬೀಳುತ್ತಿತ್ತು. ಹುಡುಗಿ ಕೈಯಲ್ಲಿ ಬ್ರಷ್ಷು ಹಿಡಿದು ಅವಳ ಬಾಯನ್ನೇ ನೋಡುತ್ತಿದ್ದಳು. ಮುಖವನ್ನಲ್ಲ, ಬಾಯನ್ನು.

"ಹೋಗುತ್ತೆ," ಅಂದಳು. "ನಿಧಾನಕ್ಕೆ ಉಜ್ಜು."

ನಿಧಾನಕ್ಕೆ ಅಂದದ್ದೇ ದೊಡ್ಡ ಉಪಕಾರ ಎಂಬಂತೆ ಅವಳು ತನ್ನ ಕೋಣೆಗೆ ಬಂದಳು. ತಗಡಿನ ಟ್ರಂಕು ತೆಗೆದಳು. ಅದರೊಳಗೆ ಮುಟ್ಟಿನ ಪ್ಯಾಡಿನ ಪೊಟ್ಟಣಗಳು ಗೋಡೆ ಕಟ್ಟಿದ ಹಾಗೆ ತುಂಬಿದ್ದವು. ಎಲ್ಲ ಹೆಂಗಸರೂ ಕ್ಯಾಂಟೀನಿನಲ್ಲಿ ಕೊಳ್ಳುವಾಗ ಅವಳೂ ಸಾಲಿನಲ್ಲಿ ನಿಂತು, ತಿಂಗಳು ತಪ್ಪದೆ ಕೊಂಡು ತರುತ್ತಿದ್ದಳು. ಕೊಳ್ಳದಿದ್ದರೆ ಯಾರಾದರೂ ಲೆಕ್ಕ ಹಾಕುತ್ತಾರೆ. ಬರುವುದು ಮೂರು ತಿಂಗಳಿಗೋ ಐದು ತಿಂಗಳಿಗೋ, ಬಂದರೆ ನಿಲ್ಲುತ್ತಿರಲಿಲ್ಲ. ಒಮ್ಮೆ ದೊಡ್ಡ ಸಾಹೇಬರು ಬರುವ ದಿನ ಧ್ವಜದ ಕೆಳಗೆ ಅಲುಗದೆ ನಿಂತಿದ್ದಾಗ ಹೇಳದೆ ಕೇಳದೆ ಇಳಿದು, ಕಾಲ್ಚೀಲ ದಾಟಿ ಬೂಟಿನೊಳಗೆ ತಣ್ಣಗೆ ಸೇರಿಕೊಂಡಿತ್ತು, ಅವಳು ರೆಪ್ಪೆ ಹೊಡೆದಿರಲಿಲ್ಲ. ಅಂದು ಬೆನ್ನು ತಟ್ಟಿಸಿಕೊಂಡಳು, ಕಲ್ಲಿನ ಹಾಗೆ ನಿಂತಿದ್ದೆ ಅಂತ. ಹೊಸ ಹುಡುಗಿಯರಿಗೆ ದಿನ ತಪ್ಪಿ ಬಂದಾಗ ಓಡಿಬರುವುದು ಇವಳ ಬಾಗಿಲಿಗೇ. ಮೇಡಂ ಹತ್ರ ಯಾವಾಗಲೂ ಇರುತ್ತೆ, ಕೇಳಿದ್ರೆ ಇಲ್ಲ ಅನ್ನಲ್ಲ ಅಂತ ಹೆಸರಾಗಿತ್ತು. ಹಾಗೆ ಕೇಳಿ ಪಡೆಯಲು ಒಮ್ಮೆಯೂ ಬಾರದವಳು ಗುಂಡು ಒಬ್ಬಳೇ. ಅವಳು ಅದನ್ನೂ ಗಮನಿಸಿದ್ದಳು, ಗಮನಿಸಿಲ್ಲದವಳ ಹಾಗೆ ಇದ್ದಳು. ಇವತ್ತು ಟ್ರಂಕಿನ ಮುಂದೆ ಕೂತು, ಅಡಿಯಲ್ಲಿದ್ದ, ಕತ್ತಿಗೆ ಹಚ್ಚಲೆಂದು ಆ ಡಾಕ್ಟರು ಕೊಟ್ಟಿದ್ದ ಮುಲಾಮಿನ ಟ್ಯೂಬು ಹುಡುಕಿ ತೆಗೆದು, ಅದನ್ನು ಹುಡುಗಿಗೆ ಕೊಡಬೇಕೆಂದು ಎದ್ದು, ಕೊಟ್ಟರೆ ಇದು ನಿಮ್ಮ ಹತ್ತಿರ ಯಾಕಿದೆ ಅಂದಾಳು ಅಂತ ಮತ್ತೆ ಕೂತಳು.

ಹೇಳಿದರೆ ಏನಾಗುತ್ತಿತ್ತು ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು, ಅಥವಾ ಗೊತ್ತಿದೆ ಅಂತ ನಂಬಿದ್ದಳು. ಹಿಂದೆ ಒಬ್ಬಳು ಬೆನ್ನು ನೋವು ಅಂತ ಬಾಯಿಬಿಟ್ಟಳು. ಮೈ ಗಟ್ಟಿಯಿಲ್ಲ ಅಂತ ಆರೋಗ್ಯದ ದರ್ಜೆ ಇಳಿಸಿ, ಪಟ್ಟಿ ಬಿಚ್ಚಿಸಿ, ಉಗ್ರಾಣದಲ್ಲಿ ಕಂಬಳಿ ಎಣಿಸಲು ಹಾಕಿದರು. ಆಮೇಲೆ ಆಕೆಯನ್ನು ಎಲ್ಲರೂ ಕಂಬಳಿ ಅಂತಲೇ ಕರೆದರು, ಹೋಗುವವರೆಗೂ. ಬೆನ್ನು ಅಂದರೆ ಬೆನ್ನು, ಎಲ್ಲರಿಗೂ ಇರುತ್ತದೆ. ಇದನ್ನು ಯಾವ ಬಾಯಲ್ಲಿ ಹೇಳುವುದು, ಮೀಸೆ ಹೊತ್ತ ಗಂಡಸರು ಕೂತ ಮೇಜಿನ ಮುಂದೆ? ಫೋನಿನಲ್ಲಿ ಅಕ್ಕ ಕೇಳುತ್ತಿರುತ್ತಾಳೆ, "ಏನೇ, ಇನ್ನೂ ಹಂಗೇನಾ? ಡಾಕ್ಟರ್‌ಗೆ ತೋರಿಸ್ದ್ಯಾ? ಅಮ್ಮ ದಿನಾ ನಿಂದೇ ಚಿಂತೆ ಮಾಡ್ತಾಳೆ." "ಚೆನ್ನಾಗಿದೀನಿ ಕಣೇ," ಅನ್ನುತ್ತಾಳೆ ಇವಳು. "ಪೆರೇಡಿದೆ, ಇಡ್ತೀನಿ." ಹೊತ್ತಲ್ಲದ ಹೊತ್ತಿನಲ್ಲೂ ಪೆರೇಡು ಇರುತ್ತದೆ ಅಂತ ಅಕ್ಕ ನಂಬಿಬಿಟ್ಟಿದ್ದಾಳೆ.

ಮುಂದಿನ ವಾರ ಹುಡುಗಿಯರಿಗೆ ಮೂಟೆ ಹೊತ್ತು ನಡೆಯುವ ಪರೀಕ್ಷೆ. ಬೆನ್ನಿನ ಚೀಲದ ಅಗಲ ಪಟ್ಟಿ ಹೆಗಲ ಮೇಲೆ ಹಾದು ಕತ್ತಿನ ಬುಡಕ್ಕೇ ತಿಕ್ಕುತ್ತದೆ. ಹವಾಲ್ದಾರಳು ಸಾಲಿನ ಪಕ್ಕದಲ್ಲಿ ನಡೆಯುತ್ತ ಕೂಗು ಹಾಕುತ್ತಿದ್ದಳು, ಎಲ್ಲರ ಹೆಸರೂ ಹಿಡಿದು. ಒಂದು ಹೆಸರು ಬಂದಾಗ ಮಾತ್ರ ದಾರಿಯ ಕಡೆ ನೋಡಿಕೊಂಡು ಕೂಗುತ್ತಿದ್ದಳು. ಗುಂಡು ತುಟಿ ಕಚ್ಚಿಕೊಂಡು ನಡೆದಳು. ಹಿಂದೆ ಬೀಳಲಿಲ್ಲ. ಅಂಗಿಯ ಕಾಲರು ಮೊದಲು ಒದ್ದೆಯಾಯಿತು, ಬೆವರಿರಬೇಕು. ಆಮೇಲೆ ಬಣ್ಣ ತಿರುಗಿತು. ಕೆರೆಯ ಏರಿಯ ಹತ್ತಿರ ಅವಳು ಮಂಡಿ ಊರಿದಳು. ಬೀಳಲೂ ಇಲ್ಲ, ಏಳಲೂ ಇಲ್ಲ. ಚೀಲ ಇಳಿಸಿ ಕಾಲರು ಸರಿಸಿದಾಗ ಕತ್ತಿನ ಹಿಂದೆ ಕಪ್ಪು ಇರಲಿಲ್ಲ. ಚರ್ಮವೇ ಇರಲಿಲ್ಲ, ಹಸಿ ಮಾಂಸ ಕಾಣುತ್ತಿತ್ತು.

ಆಸ್ಪತ್ರೆಯ ಕೋಣೆಯಲ್ಲಿ ಗಂಡು ನರ್ಸು ಗಾಯ ತೊಳೆದು ಬಿಳಿ ಪಟ್ಟಿ ಸುತ್ತಿದ. "ಇದು ಚೀಲ ತಿಕ್ಕಿ ಆದ ಗಾಯ ಅಲ್ಲ," ಅಂದ. "ಮೊದಲೇ ಕೆರೆದು ಇಟ್ಟುಕೊಂಡಿದ್ದಾಳೆ. ನಡೆಯೋದು ತಪ್ಪಿಸ್ಕೊಳ್ಳೋಕೆ ಮಾಡಿರ್ತಾರೆ, ನೋಡಿಲ್ವಾ ನಾವು." ಸೇನೆಯಲ್ಲಿ ಬೇಕೆಂದೇ ಮಾಡಿಕೊಂಡ ಗಾಯ ಅಂದರೆ ಕಳ್ಳತನಕ್ಕಿಂತ ಕೆಟ್ಟದ್ದು. ಕದ್ದವನನ್ನು ಕ್ಷಮಿಸಿಯಾರು, ತನ್ನ ಮೈಯನ್ನು ತಾನೇ ಕೆಡಿಸಿಕೊಂಡು ಕೆಲಸ ತಪ್ಪಿಸಿಕೊಂಡವರನ್ನು ಇಟ್ಟುಕೊಳ್ಳುವುದಿಲ್ಲ. ಮಾತು ಮೇಜರ್ ಸಾಹೇಬರ ಮೇಜಿಗೆ ಹೋಯಿತು.

ಮೇಜರ್ ಸಾಹೇಬರು ಕೆಟ್ಟವರಲ್ಲ, ಅವಸರದವರೂ ಅಲ್ಲ. ಫ್ಯಾನು ತಿರುಗುವ ಆ ಕೋಣೆಯಲ್ಲಿ ಹುಡುಗಿಯನ್ನು ನಿಲ್ಲಿಸಿಕೊಂಡು, ಒಂದು ಕಡೆ ಸುಬೇದಾರರು, ಇನ್ನೊಂದು ಕಡೆ ಹವಾಲ್ದಾರಳು, ನಿಧಾನವಾಗಿಯೇ ಕೇಳಿದರು.

"ಯಾಕಮ್ಮ ಹೀಗೆ ಮಾಡ್ಕೊಂಡೆ?"

"ಕೊಳೆ ಹೋಗಲಿಲ್ಲ ಸರ್. ಅದಕ್ಕೆ ಉಜ್ಜಿದೆ."

"ರಕ್ತ ಬರೋವರೆಗೂ?"

"ಹೋಗಲಿಲ್ಲ ಸರ್."

ಮೇಜರ್ ಸಾಹೇಬರು ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಹವಾಲ್ದಾರಳ ಕಡೆ ತಿರುಗಿದರು. "ನೀವು ತಪಾಸಣೆ ದಿನ ಬಟ್ಟೆಯಲ್ಲಿ ಒರೆಸಿದ್ರಿ. ಒರೆಸಿದ್ರೇ ಬಂತು ಅಂತ ಸುಬೇದಾರರು ಹೇಳ್ತಾರೆ. ಒಣ ಬಟ್ಟೆಗೆ ಬರೋ ಕೊಳೆ ನೀರು ಸೋಪು ಹಾಕಿದ್ರೆ ಹೋಗಲೇಬೇಕಲ್ವಾ? ಚರ್ಮ ಕಿತ್ತು ಬರೋ ಹಾಗೆ ಉಜ್ಜೋ ಅಗತ್ಯ ಏನಿತ್ತು? ಬಂದಿತ್ತು ತಾನೇ?"

ಅವಳು ಹೇಳಿದ ಒಂದು ಮಾತು ಮೆಟ್ಟಿಲ ಮೇಲೆ ಮೆಟ್ಟಿಲು ಹತ್ತಿ ಇಲ್ಲಿವರೆಗೆ ಬಂದು, ಇಷ್ಟು ನೆಟ್ಟಗೆ, ಇಷ್ಟು ನ್ಯಾಯವಾಗಿ ನಿಲ್ಲುತ್ತದೆ ಅಂತ ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಬಂದಿರಲಿಲ್ಲ ಅಂದರೆ ಹುಡುಗಿ ಉಳಿಯುತ್ತಾಳೆ. ಬಂದಿತ್ತು ಅಂದರೆ ಹೋಗುತ್ತಾಳೆ. ಇದಕ್ಕಿಂತ ಬಿಡಿಸಿ ಹೇಳುವುದು ಏನೂ ಇರಲಿಲ್ಲ. ಕೊರಳಿನ ಕೆಂಪು ಬಟ್ಟೆಯ ಒಳಗೆ ಬೆವರು ಇಳಿದು ಕಪ್ಪಿನ ಮಡಿಕೆಗಳಲ್ಲಿ ತುರಿಕೆ ಎದ್ದಿತು. ಕೈ ಎತ್ತಿ ತುರಿಸಿಕೊಳ್ಳಬೇಕು ಅನ್ನಿಸಿದ್ದನ್ನು ತಡೆಯುವುದರಲ್ಲೇ ಅವಳ ಶಕ್ತಿಯೆಲ್ಲ ಹೋಯಿತು. ಹುಡುಗಿ ಗೋಡೆಯ ಗಡಿಯಾರ ನೋಡುತ್ತಿದ್ದಳು.

"ಹೌದು ಸರ್."

"ಆಯ್ತು," ಅಂದರು ಮೇಜರ್ ಸಾಹೇಬರು. ಅವರ ದನಿಯಲ್ಲಿ ನಿಜವಾಗಿಯೂ ಬೇಸರವಿತ್ತು. "ಗುರಿ ಚೆನ್ನಾಗಿತ್ತು ಈ ಹುಡುಗೀದು."

ಗೇಟಿನವರೆಗೆ ಕಳಿಸಿ ಬರುವುದು ಹವಾಲ್ದಾರಳ ಕೆಲಸ. ಗೇಟಿನ ಪಕ್ಕದ ತಗಡಿನ ಚಪ್ಪರದಡಿಯಲ್ಲಿ ಒಂದು ಬೆಂಚು. ಅದರ ಆ ತುದಿಗೆ ಹುಡುಗಿ, ಈ ತುದಿಗೆ ಅವಳು. ನಡುವೆ ಚೀಲ. ಮನೆಯ ಬಟ್ಟೆಯಲ್ಲಿ ಹುಡುಗಿ ಇನ್ನೂ ಚಿಕ್ಕವಳಾಗಿ ಕಾಣುತ್ತಿದ್ದಳು. ಕೊರಳಿನ ಬಿಳಿ ಪಟ್ಟಿ ಅವಳ ತಲೆಯನ್ನು ಎತ್ತಿ ಹಿಡಿದಿತ್ತು, ಬಗ್ಗಿಸಲು ಬಿಡದ ಹಾಗೆ. ಊರಿಗೆ ಹೋಗುವ ಗಾಡಿ ಇನ್ನೂ ಬಂದಿರಲಿಲ್ಲ.

"ಊಟ ಮಾಡಿದ್ಯಾ?"

"ಹ್ಞೂಂ ಮೇಡಂ."

"ನೀರಿಟ್ಕೊಂಡಿದೀಯ?"

"ಇದೆ."

ಗಾಡಿ ಬರುವ ದಾರಿಯನ್ನು ನೋಡಿಕೊಂಡೇ ಅವಳು ಹೇಳಿದಳು, ದನಿ ತಗ್ಗಿಸಿ, ಗೇಟಿನ ಕಾವಲಿನವನಿಗೆ ಕೇಳಿಸದ ಹಾಗೆ: "ಊರಿಗೆ ಹೋದ ಮೇಲೆ ಹೆಂಗಸರ ಡಾಕ್ಟರ್‌ಗೆ ತೋರಿಸು. ಅದು... ಕೊಳೆ ಅಲ್ಲ."

"ಗೊತ್ತು ಮೇಡಂ."

"ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ. ನಿಮ್ದು ನೋಡಿದ್ನಲ್ಲ." ಹುಡುಗಿ ಬೆರಳಿಗೆ ಚೀಲದ ದಾರ ಸುತ್ತುತ್ತಿದ್ದಳು. "ಬಂದ ದಿನಾನೇ. ಯಾರೂ ಇಲ್ಲ ಅಂದ್ಕೊಂಡು ನಲ್ಲಿ ಹತ್ರ ಪಟ್ಟಿ ಬಿಚ್ಚಿ ಮುಖ ತೊಳ್ಕೋತಿದ್ರಿ. ಅವತ್ತೇ ಅಮ್ಮಂಗೆ ಫೋನ್ ಮಾಡಿ ಹೇಳ್ದೆ, ನಂಗೆ ಇರೋದು ಇಲ್ಲಿ ದೊಡ್ಡ ಮೇಡಂಗೂ ಇದೆ, ಅವ್ರು ಕೆಂಪು ಪಟ್ಟಿ ತಗೊಂಡಿದ್ದಾರೆ, ನೀನು ಸುಮ್ನೆ ಹೆದರ್ತಿದ್ದೆ ಅಂತ. ಅಮ್ಮ ಅವತ್ತು ನಿಮ್ಮ ಹೆಸ್ರಲ್ಲಿ ದೇವರಿಗೆ ದೀಪ ಹಚ್ಚಿದ್ಲಂತೆ."

ಅವಳ ಕೈ ತಾನಾಗಿ ಕೊರಳಿಗೆ ಹೋಯಿತು. ಹೋದದ್ದನ್ನು ಹುಡುಗಿ ನೋಡಿದ್ದು ನೋಡಿ ಮಡಿಲಿಗೆ ಇಳಿಯಿತು. "ಮತ್ತೆ ಗೊತ್ತಿದ್ದೂ ಯಾಕೆ ಅಷ್ಟು ಉಜ್ಜಿದೆ?"

"ನೀವು ಬಂತು ಅಂದ್ರಲ್ಲ ಮೇಡಂ." ಅದರಲ್ಲಿ ಸಿಟ್ಟಿರಲಿಲ್ಲ, ಲೆಕ್ಕ ತಪ್ಪಿದ್ದು ಎಲ್ಲಿ ಅಂತ ಇನ್ನೂ ಹುಡುಕುತ್ತಿರುವವಳ ದನಿ. "ಬೇರೆ ಯಾರಾದ್ರೂ ಅಂದಿದ್ರೆ ಬಿಡ್ತಿದ್ದೆ. ನಿಮಗೆ ಗೊತ್ತಿರೋ ವಿಷಯ. ಅದೂ ನೀವೇ ಒರೆಸಿ ನೋಡಿ ಹೇಳಿದ್ದು. ಹಾಗಾದ್ರೆ ನಿಮ್ದು ಬೇರೆ, ನಂದು ನಿಜವಾಗ್ಲೂ ಕೊಳೆಯೇ ಇರಬೇಕು ಅಂದ್ಕೊಂಡೆ."

ಎದುರಿನ ರಸ್ತೆಯಲ್ಲಿ ಸೈಕಲ್ಲಿನವನೊಬ್ಬ ಹೋದ. ಅವನು ಮರೆಯಾಗುವವರೆಗೂ ಅವಳು ಅವನನ್ನೇ ನೋಡಿದಳು.

"ಮೇಜರ್ ಸಾಹೇಬರ ಹತ್ರ ಹೇಳಬಹುದಿತ್ತು ನೀನು," ಅಂದಳು. ಅಂದ ಮೇಲೆ ತನ್ನ ಮಾತು ತನ್ನ ಕಿವಿಗೇ ಎಷ್ಟು ಹೇಸಿಗೆಯಾಗಿ ಕೇಳಿಸಿತೆಂದರೆ ಎದ್ದು ಹೋಗಬೇಕೆನಿಸಿತು.

ಹುಡುಗಿ ಮೊದಲ ಸಲ ನಕ್ಕಳು, ಒಂದೇ ಪಕ್ಕದ ನಗು. ಕತ್ತು ತಿರುಗದ್ದರಿಂದ ಇಡೀ ಮೈ ತಿರುಗಿಸಿ ಅವಳ ಕಡೆ ಕೂತಳು. "ಏನಂತ ಹೇಳ್ಲಿ? ಮೇಡಂ ಕತ್ತು ನೋಡಿ ಅಂತ್ಲಾ? ನೀವು ಬಿಚ್ಚಿ ತೋರಿಸ್ತಿದ್ರಾ?"

ಗಾಡಿ ಬಂತು. ಹುಡುಗಿ ಚೀಲ ತಾನೇ ಎತ್ತಿಕೊಂಡಳು, ಹೆಗಲಿಗೆ ಹಾಕಲಿಲ್ಲ, ಮಗುವಿನ ಹಾಗೆ ಎದೆಗವಚಿಕೊಂಡಳು. ಹತ್ತುವ ಮುಂಚೆ ಅಭ್ಯಾಸಬಲದಿಂದ ಕೈ ಹಣೆಗೆ ಹೋಗಿ ಸಲಾಮು ಹೊಡೆಯಿತು; ಮನೆ ಬಟ್ಟೆಯಲ್ಲಿ ಹೊಡೆಯಬಾರದು ಅಂತ ನೆನಪಾಗಿ, ಆ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಕೂದಲು ಸರಿಮಾಡಿಕೊಂಡಳು. ಹವಾಲ್ದಾರಳು ಸಲಾಮಿಗೆ ಸಲಾಮು ಕೊಡಲು ಎತ್ತಿದ ಕೈ ಗಾಡಿಯ ಧೂಳಿನಲ್ಲಿ ಹಾಗೆಯೇ ಎಷ್ಟೋ ಹೊತ್ತು ಇತ್ತು. ಕಾವಲಿನವನು ಅದನ್ನು ನೋಡಿ, ಅವನೂ ಎದ್ದು ನಿಂತ.

ಮಾರನೆಯ ಬೆಳಿಗ್ಗೆ ಮತ್ತೆ ತಪಾಸಣೆ. ಕೋಣೆಯಲ್ಲಿ ಕನ್ನಡಿ ಮುಂದೆ ನಿಂತು ಪಟ್ಟಿ ಕಟ್ಟಿಕೊಳ್ಳಲು ಎತ್ತಿದವಳು ಕಟ್ಟಿಕೊಳ್ಳಲಿಲ್ಲ. ಧೈರ್ಯ ಬಂದಿತ್ತು ಅಂತ ಹೇಳಲಾಗದು. ಬೆರಳು ಎಂದಿನಂತೆ ಗಂಟು ಹಾಕಲು ಹೋದದ್ದನ್ನು ಅವಳು ತಡೆದಳು. ಬಟ್ಟೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡು, ಮೇಲಿನ ಗುಂಡಿ ಬಿಚ್ಚಿ, ಕಾಲರು ಹಿಂದಕ್ಕೆ ಮಡಚಿ ಹೊರಗೆ ಬಂದಳು. ಮೈದಾನದವರೆಗಿನ ಆ ದಾರಿಯಲ್ಲಿ ಕತ್ತಿಗೆ ಗಾಳಿ ಸೋಕಿತು. ಎಷ್ಟು ವರ್ಷದ ಮೇಲೋ. ಗಾಳಿಗೂ ಗೊತ್ತಾಯಿತೇನೋ ಎಂಬಂತೆ ನಾಚಿಕೆಯಾಯಿತು. ಸಾಲಿನಲ್ಲಿ ಒಬ್ಬಳು ಪಕ್ಕದವಳಿಗೆ ಮೊಣಕೈ ತಿವಿದದ್ದು ಕಂಡಿತು. ಕಂಡೂ ಕಾಣದವಳಂತೆ ನಡೆಯುವುದು ಅವಳಿಗೆ ಅಭ್ಯಾಸವಿತ್ತು. ಇಂದು ಕಂಡದ್ದೆಲ್ಲ ಕಾಣಲಿ ಅಂತ ಬಿಟ್ಟಳು.

"ಏನ್ರೀ, ಪಟ್ಟಿ ಎಲ್ಲಿ?" ಅಂದರು ಸುಬೇದಾರರು. "ಇಸ್ತ್ರಿಗೆ ಹಾಕಿದೀರಾ?" ತಮ್ಮ ಮಾತಿಗೆ ತಾವೇ ನಕ್ಕರು.

ಅವಳು ಎರಡನೆಯ ಸಾಲಿನ ಕೊನೆಗೆ ಹೋಗಿ, ಗುಂಡು ನಿಲ್ಲುತ್ತಿದ್ದ ಖಾಲಿ ಜಾಗದಲ್ಲಿ ಬೆನ್ನು ಮಾಡಿ ನಿಂತಳು. "ನನ್ನ ಕತ್ತೂ ನೋಡಿ ಸರ್."

ಹಿಂದೆ ಬೂಟಿನ ಸದ್ದು ಹತ್ತಿರ ಬಂದು ನಿಂತಿತು. ಆಮೇಲೆ ಸುಬೇದಾರರ ದನಿ, ತಗ್ಗಿ, ಮಕ್ಕಳ ಹತ್ತಿರ ಆಡುವ ದನಿಯಲ್ಲಿ ಬಂತು: "ಅಯ್ಯೋ, ನಿಮ್ಮದು ಬಿಸಿಲು ಬಿಡಿ. ಎಷ್ಟು ವರ್ಷ ಈ ಮೈದಾನದಲ್ಲಿ ನಿಂತಿದ್ದೀರಿ."

ಅಂದು ಬಚ್ಚಲಿನಲ್ಲಿ ಅಮ್ಮ ಆಡಿದ ಮಾತು ಇಷ್ಟು ದೂರ ನಡೆದು ಬಂದು, ಇಲ್ಲಿ, ಇವರ ಬಾಯಲ್ಲಿ ಕೈ ಚಾಚಿ ನಿಂತಿತ್ತು. ಹಿಡಿದುಕೊಂಡರೆ ಸಾಕಿತ್ತು. ಹೌದು ಸರ್ ಬಿಸಿಲು ಅಂದು, ಜೇಬಿನಿಂದ ಪಟ್ಟಿ ತೆಗೆದು ಕಟ್ಟಿಕೊಂಡರೆ, ಉಳಿದ ತಪಾಸಣೆ ನಡೆಯುತ್ತಿತ್ತು. ಅವಳ ಕತ್ತಿನಲ್ಲಿದ್ದರೆ ಬಿಸಿಲು, ಹುಡುಗಿಯ ಕತ್ತಿನಲ್ಲಿದ್ದರೆ ಕೊಳೆ.

"ಬಿಸಿಲಲ್ಲ ಸರ್. ನಿಮ್ಮ ಕರವಸ್ತ್ರ ಕೊಡಿ."

ಅವರು ಕೊಟ್ಟರು. ಅವಳು ಇಸ್ತ್ರಿ ಹಾಕಿದ ಮಡಿಕೆ ಇನ್ನೂ ಅದರಲ್ಲಿತ್ತು. ಬಿಡಿಸಿ, ಕತ್ತಿನ ಹಿಂದಕ್ಕೆ ಹಾಕಿ, ಎರಡು ಕೈಯಲ್ಲಿ ಹಿಡಿದು, ಬಲವಾಗಿ ಆ ಕಡೆಯಿಂದ ಈ ಕಡೆಗೆ ಎಳೆದಳು. ಮತ್ತೆ ಎಳೆದಳು. ಆಮೇಲೆ ತಿರುಗಿ, ಎಲ್ಲ ಹುಡುಗಿಯರ ಮುಂದೆ, ಬಟ್ಟೆಯನ್ನು ಹರವಿ ಹಿಡಿದಳು. ಗದ್ದದ ಮೇಲೆ ಇಂದು ಕೀಳದೆ ಬಿಟ್ಟ ಕೂದಲಿನ ಮೇಲೂ ಬೆಳಗಿನ ಬೆಳಕು ಬಿದ್ದಿರಬೇಕು.

"ಬರಲ್ಲ ಸರ್ ಇದು. ಅವತ್ತೂ ಬಂದಿರಲಿಲ್ಲ."

ಸುಬೇದಾರರು ಕರವಸ್ತ್ರ ತೆಗೆದುಕೊಂಡು ಈ ಬದಿ ನೋಡಿದರು, ಆ ಬದಿ ನೋಡಿದರು. ಕಣ್ಣು ಸರಿಯಾಗಿ ಕಾಣದವರ ಹಾಗೆ ಹತ್ತಿರ ಹಿಡಿದು ನೋಡಿದರು.

"ಬಂತು ಅಂದ್ರಲ್ಲ ಹವಾಲ್ದಾರ್?"

"ಅಂದೆ ಸರ್."

ಅವರು ಕರವಸ್ತ್ರವನ್ನು ಮಡಿಸಲಿಲ್ಲ, ಜೇಬಿಗೂ ಹಾಕಲಿಲ್ಲ. ಕೈಯಲ್ಲಿ ಇಳಿಬಿಟ್ಟುಕೊಂಡು, ಸಾಲಿನ ಕೊನೆಯ ಖಾಲಿ ಜಾಗವನ್ನು ನೋಡುತ್ತ ನಿಂತರು. ಅವಳ ಪಟ್ಟಿ ಬಿಚ್ಚಿಸಿದರೋ, ಕಂಬಳಿ ಎಣಿಸಲು ಹಾಕಿದರೋ, ಗುಂಡುವನ್ನು ವಾಪಸು ಕರೆಸಲು ಅವಳ ಊರಿಗೆ ಕಾಗದ ಬರೆಸಿದರೋ, ಅದೆಲ್ಲ ಆಮೇಲಿನದು. ಅವಳು ಬಾಯಿಬಿಟ್ಟದ್ದು ಶನಿವಾರ. ಗುಂಡು ಹೋದದ್ದು ಶುಕ್ರವಾರ.